ಬಲೆಯ ದಾರಕ್ಕೂ ಹೊಲದ ಗೊಬ್ಬರಕ್ಕೂ ಏನು ನಂಟು?

ಮಕ್ಕಳೇ, ಕೆರೆ ತುಂಬಿದಾಗ ಹಾನಗಲ್, ಶಿಗ್ಗಾವಿ, ಹಿರೇಕೆರೂರು ಕಡೆ ಬಲೆ ಬೀಸಿ ಮೀನು ಹಿಡಿಯುವುದನ್ನು ನೀವು ನೋಡಿರುತ್ತೀರಿ. ತೆಳ್ಳಗೆ ಹೊಳೆಯುವ ಆ ಬಲೆಯ ದಾರ ಸಾಮಾನ್ಯವಾಗಿ ನೈಲಾನ್. ಸವಣೂರಿನ ಹೊಲದಲ್ಲಿ, ಹಾನಗಲ್ಲಿನ ಭತ್ತದ ಗದ್ದೆಯಲ್ಲಿ ರೈತರು ‘ಸರ್ಕಾರಿ ಗೊಬ್ಬರ’ ಹಾಕುವುದನ್ನೂ ಕಂಡಿದ್ದೀರಿ. ಅಂಥ ಗೊಬ್ಬರಗಳಲ್ಲಿ ಅಮೋನಿಯಂ ಸಲ್ಫೇಟ್ ಒಂದು. ಈ ಗೊಬ್ಬರವೂ ನೈಲಾನಿನ ಮೂಲವಸ್ತುವೂ ಒಂದೇ ಕಾರ್ಖಾನೆಯಲ್ಲಿ ಹುಟ್ಟುತ್ತವೆ ಎಂದರೆ ನಂಬುತ್ತೀರಾ? ಹೇಗೆಂದು ನೋಡೋಣ.

ಕೈಕೈ ಹಿಡಿದ ಅಣುಗಳು

ಹತ್ತಿಯ ಎಳೆಯಲ್ಲಿ ಅಣುಗಳ ಉದ್ದನೆಯ ಸರಪಳಿಗಳಿವೆ. ಅವನ್ನು ಗಿಡವೇ ಹೆಣೆದಿರುತ್ತದೆ. ನಮ್ಮ ಜಿಲ್ಲೆಯ ಕುಮಾರಪಟ್ಟಣದ ಕಾರ್ಖಾನೆಯಲ್ಲಿ ಎಳೆ ತಯಾರಾಗುವುದು ಮರದ ತಿರುಳಿನಿಂದ. ಅಲ್ಲಿಯೂ ಸರಪಳಿ ಮರದ್ದೇ. ಆದರೆ ನೈಲಾನಿನ ಸರಪಳಿಯನ್ನು ಮನುಷ್ಯನೇ ಹೆಣೆಯಬೇಕು. 1935ರಲ್ಲಿ ಅಮೆರಿಕದ ವ್ಯಾಲೇಸ್ ಕರೋಥರ್ಸ್ ಮೊದಲ ಬಾರಿ ನೈಲಾನ್ ತಯಾರಿಸಿದರು. 1938ರಲ್ಲಿ ಜರ್ಮನಿಯ ಪೌಲ್ ಶ್ಲಾಕ್ ಇನ್ನೊಂದು ದಾರಿ ಕಂಡುಹಿಡಿದರು. ಅವರ ನೈಲಾನಿಗೆ ಒಂದೇ ಮೂಲವಸ್ತು ಸಾಕು. ಅದರ ಹೆಸರು ಕ್ಯಾಪ್ರೊಲ್ಯಾಕ್ಟಮ್. ಅದರ ಅಣುವಿನಲ್ಲಿ 6 ಇಂಗಾಲದ ಪರಮಾಣುಗಳಿರುವುದರಿಂದ ಈ ನೈಲಾನಿಗೆ ‘ನೈಲಾನ್-6’ ಎಂದು ಹೆಸರಾಯಿತು.

ತಯಾರಿಕೆ ಹೇಗೆ?

ಹಂತ 1: ಪೆಟ್ರೋಲಿಯಂನಿಂದ ದೊರೆಯುವ ಬೆಂಜೀನಿಗೆ ಜಲಜನಕ ಸೇರಿಸಿದರೆ ಸೈಕ್ಲೋಹೆಕ್ಸೇನ್ ಸಿಗುತ್ತದೆ. ಇದರ ಅಣುವಿನಲ್ಲಿ 6 ಇಂಗಾಲದ ಪರಮಾಣುಗಳು ಬಳೆಯಂತೆ ಸುತ್ತಲೂ ಕೂಡಿಕೊಂಡಿವೆ.

ಹಂತ 2: ಸೈಕ್ಲೋಹೆಕ್ಸೇನನ್ನು ಒತ್ತಡದಲ್ಲಿ ಬಿಸಿಮಾಡಿ ಗಾಳಿ ಹಾಯಿಸುತ್ತಾರೆ. ಗಾಳಿಯ ಆಮ್ಲಜನಕ ಬಳೆಗೆ ಅಂಟಿಕೊಳ್ಳುತ್ತದೆ.

ಹಂತ 3: ಸಾರಜನಕವುಳ್ಳ ಹೈಡ್ರಾಕ್ಸಿಲ್ ಅಮೀನ್ ಎಂಬ ವಸ್ತುವನ್ನು ಸೇರಿಸುತ್ತಾರೆ. ಆಮೇಲೆ ಅತಿ ಪ್ರಬಲ ಗಂಧಕಾಮ್ಲದ ನೆರವಿನಿಂದ ಸಾರಜನಕದ ಪರಮಾಣು ಬಳೆಯೊಳಗೇ ಸೇರುತ್ತದೆ. ಇದೇ ಕ್ಯಾಪ್ರೊಲ್ಯಾಕ್ಟಮ್.

ಗೊಬ್ಬರ ಬಂದದ್ದು ಎಲ್ಲಿಂದ?

ಈಗ ಪಾತ್ರೆಯ ತುಂಬ ಆಮ್ಲವಿದೆ. ಆಮ್ಲಕ್ಕೆ ಪ್ರತ್ಯಾಮ್ಲ ಸೇರಿಸಿದರೆ ಲವಣ ಉಂಟಾಗುತ್ತದೆಂದು ಪಾಠದಲ್ಲಿ ಓದಿದ್ದೀರಲ್ಲವೇ? ಕಾರ್ಖಾನೆಯಲ್ಲಿ ಗಂಧಕಾಮ್ಲಕ್ಕೆ ಅಮೋನಿಯಾ ಸೇರಿಸುತ್ತಾರೆ. ಆಗ ಸಿಗುವ ಲವಣವೇ ಅಮೋನಿಯಂ ಸಲ್ಫೇಟ್! ಅದರ 100 ಕಿಲೋದಲ್ಲಿ ಸುಮಾರು 20 ಕಿಲೋ ಸಾರಜನಕ, 23 ಕಿಲೋ ಗಂಧಕ ಇರುತ್ತವೆ. ಎರಡೂ ಬೆಳೆಗೆ ಬೇಕು. ಹಳೆಯ ವಿಧಾನದಲ್ಲಿ 1 ಟನ್ ಕ್ಯಾಪ್ರೊಲ್ಯಾಕ್ಟಮ್ ತಯಾರಿಸುವಾಗ ಎಲ್ಲ ಹಂತಗಳೂ ಸೇರಿ 4 ಟನ್‌ಗೂ ಹೆಚ್ಚು ಅಮೋನಿಯಂ ಸಲ್ಫೇಟ್ ಬರುತ್ತಿತ್ತು. ಇಷ್ಟನ್ನು ಎಲ್ಲಿ ಸುರಿಯುವುದು? ಹಳ್ಳಕ್ಕೆ ಬಿಟ್ಟರೆ ನೀರು ಕೆಡುತ್ತದೆ, ಹೊಲಕ್ಕೆ ಹಾಕಿದರೆ ಬೆಳೆ ಬರುತ್ತದೆ. ಆದ್ದರಿಂದಲೇ ನಮ್ಮ ದೇಶದಲ್ಲಿ ಕ್ಯಾಪ್ರೊಲ್ಯಾಕ್ಟಮ್ ತಯಾರಿಕೆಗೆ ಇಳಿದವು ಗೊಬ್ಬರದ ಕಂಪನಿಗಳು. 1974ರಲ್ಲಿ ಗುಜರಾತಿನ ವಡೋದರಾದಲ್ಲಿ ಜಿ.ಎಸ್.ಎಫ್.ಸಿ., 1990ರಲ್ಲಿ ಕೇರಳದ ಕೊಚ್ಚಿ ಸಮೀಪದ ಉದ್ಯೋಗಮಂಡಲದಲ್ಲಿ ಫ್ಯಾಕ್ಟ್ ಕಂಪನಿ ಇದರ ಘಟಕ ಆರಂಭಿಸಿದವು.

ಶುದ್ಧೀಕರಣವೇ ಅರ್ಧ ಕೆಲಸ

ಆಟದ ಬಯಲಿನಲ್ಲಿ 100 ಮಕ್ಕಳು ಕೈಕೈ ಹಿಡಿದು ಸಾಲಾಗಿ ನಿಲ್ಲಲಿ. ನಡುವೆ ಒಬ್ಬನ ಒಂದು ಕೈಯಲ್ಲಿ ಚೀಲವಿದ್ದರೆ ಸಾಲು ಅಲ್ಲಿಗೇ ತುಂಡಾಗುತ್ತದೆ. ನೈಲಾನ್ ಸರಪಳಿಯಲ್ಲಿ ನೂರಕ್ಕೂ ಹೆಚ್ಚು ಕೊಂಡಿಗಳಿರಬೇಕು. ನೂರಕ್ಕೆ ಒಂದು ಕಲ್ಮಶ ಸೇರಿದರೂ ಸರಪಳಿ ಗಿಡ್ಡಾಗಬಹುದು, ದಾರ ಪಟ್ಟನೆ ಹರಿಯಬಹುದು.

ಹಾಗಾಗಿ ಹಲವು ಸಲ ಶುದ್ಧಿ ಮಾಡುತ್ತಾರೆ. ಅಮೋನಿಯಾ ಸೇರಿಸಿದ ಮೇಲೆ ದ್ರವ ಎಣ್ಣೆ-ನೀರಿನಂತೆ ಎರಡು ಪದರವಾಗುತ್ತದೆ. ಮೇಲಿನದು ಕ್ಯಾಪ್ರೊಲ್ಯಾಕ್ಟಮ್, ಕೆಳಗಿನದು ಗೊಬ್ಬರದ ದ್ರಾವಣ. ಮೇಲಿನದನ್ನು ಬೆಂಜೀನಿನಂಥ ದ್ರಾವಕದಲ್ಲಿ ಕರಗಿಸಿದರೆ ಉಳಿದ ಲವಣ ಹಿಂದೆ ಬೀಳುತ್ತದೆ. ಅನಂತರ ಅದನ್ನು ನೀರಿಗೆ ಸೆಳೆದು, ನೀರನ್ನು ಆವಿ ಮಾಡಿ, ಕೊನೆಗೆ ಭಟ್ಟಿ ಇಳಿಸುತ್ತಾರೆ. ತೆರೆದ ಪಾತ್ರೆಯಲ್ಲಿ ಇದು ಕುದಿಯಲು 260 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಶಾಖ ಬೇಕು. ಅಷ್ಟು ಕಾದರೆ ವಸ್ತುವೇ ಕೆಡಬಹುದು. ಪಾತ್ರೆಯ ಗಾಳಿ ಹೀರಿ ತೆಗೆದರೆ ಕಡಿಮೆ ಶಾಖಕ್ಕೇ ಕುದಿಯುತ್ತದೆ. ಎತ್ತರದ ಬೆಟ್ಟದ ಮೇಲೆ ನೀರು 100 ಡಿಗ್ರಿಗಿಂತ ಮೊದಲೇ ಕುದಿಯುವುದೂ ಇದೇ ಕಾರಣಕ್ಕೆ.

ಕೆರೆಯಲ್ಲಿ ಬಿಟ್ಟ ಬಲೆ

ಇಷ್ಟು ಗಟ್ಟಿ ಮಾಡಿದ ದಾರ ಸುಲಭಕ್ಕೆ ಕೊಳೆಯುವುದಿಲ್ಲ. ಹರಿದ ಬಲೆಯನ್ನು ಕೆರೆಯಲ್ಲೇ ಬಿಟ್ಟರೆ ಮೀನು, ಆಮೆ, ನೀರುಹಕ್ಕಿಗಳು ಸಿಕ್ಕಿ ಸಾಯುತ್ತವೆ. ವಿಶೇಷವೆಂದರೆ ನೈಲಾನ್-6ನ್ನು ತಕ್ಕ ವಿಧಾನದಲ್ಲಿ ಕಾಯಿಸಿ ಮತ್ತೆ ಕ್ಯಾಪ್ರೊಲ್ಯಾಕ್ಟಮ್ ಆಗಿಸಬಹುದು. ಅಂದರೆ ಹಳೆಯ ಬಲೆಯಿಂದ ಹೊಸ ದಾರ! ಅದಕ್ಕೆ ಮೊದಲು ಬಲೆ ಕೆರೆಯಿಂದ ದಡಕ್ಕೆ ಬರಬೇಕು. ಮನೆಯಲ್ಲಿ, ಊರಿನಲ್ಲಿ ಈ ಮಾತು ಹೇಳಿ.

ಮಾಡಿ ನೋಡಿ

ಬಲೆಯ ದಾರದ ಸಣ್ಣ ತುಂಡು, ಚೆನ್ನಾಗಿ ತೊಳೆದ ಪ್ಲಾಸ್ಟಿಕ್ ಚೀಲದ ಒಂದು ಎಳೆ ತೆಗೆದುಕೊಳ್ಳಿ. ಎರಡನ್ನೂ ಬೆರಳಿನಿಂದ ನೀರಿನೊಳಗೆ ಅದ್ದಿ, ಗಾಳಿಗುಳ್ಳೆ ಹೋಗುವಂತೆ ಉಜ್ಜಿ ಬಿಡಿ. ಚೀಲದ ಎಳೆ ತೇಲುತ್ತದೆ. ನೈಲಾನ್ ನೀರಿಗಿಂತ 1.14 ಪಟ್ಟು ಸಾಂದ್ರ, ಆದ್ದರಿಂದ ಮುಳುಗುತ್ತದೆ. ದಾರ ತೇಲಿದರೆ ಅದು ನೈಲಾನ್ ಅಲ್ಲ. ಆದರೆ ಮುಳುಗಿದ್ದೆಲ್ಲ ನೈಲಾನ್ ಎಂದು ಹೇಳಬಹುದೇ? ಯೋಚಿಸಿ, ಗುರುಗಳೊಂದಿಗೆ ಚರ್ಚಿಸಿ.