ಕುಡಿತ ಬಿಡಿಸಲು ಆಣೆಯೊಂದೇ ಸಾಲದು

ಪ್ರಶ್ನೆ: ನಮ್ಮ ಯಜಮಾನರು ಮೈಸೂರಿನ ಬಾರೊಂದರಲ್ಲಿ ಸಪ್ಲೈಯರ್. ರಾತ್ರಿ ಬಾಗಿಲು ಹಾಕಿದ ಮೇಲೆ ದಿನವೂ ಕುಡಿಯುತ್ತಾರೆ. ನಮ್ಮೂರ ದೇವತೆ ತ್ರಿಪುರಸುಂದರಮ್ಮನ ಮೇಲೆ ಆಣೆ ಮಾಡಿ ಕುಡಿತ ಬಿಟ್ಟರು. ಮರುದಿನವೇ ಕೈನಡುಕ, ಬೆವರು; ಮತ್ತೆ ಶುರು. ಏನು ಮಾಡಲಿ?
– ಗೃಹಿಣಿ, ಮೂಗೂರು

ಉತ್ತರ: ಅಮ್ಮಾ, ಅವರಿಗೆ ಬಿಡುವ ಮನಸ್ಸಿದೆ, ದೇಹ ಬಿಡುತ್ತಿಲ್ಲ. ಮದ್ಯಕ್ಕೆ ಒಗ್ಗಿದ ಮಿದುಳು, ಅದು ದಿಢೀರನೆ ನಿಂತರೆ ಕೆರಳುತ್ತದೆ. ಮೊದಲು ನಡುಕ, ನಿದ್ದೆಗೇಡು. 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡು ಮೂರನೇ ದಿನ ಇಲ್ಲದ್ದು ಕಂಡಂತೆ ಬಡಬಡಿಸಿದರೆ ಪ್ರಾಣಕ್ಕೇ ಅಪಾಯ. ಆದ್ದರಿಂದ ಮನೆಯಲ್ಲೇ ಬಿಡಿಸಲು ಹೋಗಬೇಡಿ. ಮೈಸೂರಿನ ಕೆ.ಆರ್. ಆಸ್ಪತ್ರೆಯ ಮನೋವೈದ್ಯರ ಬಳಿ ಕರೆದೊಯ್ಯಿರಿ. ನಡುಕ ತಗ್ಗಿಸುವ ಮಾತ್ರೆ, ಬಿ1 ವಿಟಮಿನ್ ಕೊಟ್ಟು ನಿಗಾ ಇಡುತ್ತಾರೆ. ಯಜಮಾನರಿಗೆ ತಿಳಿಯದಂತೆ ಸಾರಿಗೆ ಕುಡಿತ ಬಿಡಿಸುವ ಯಾವ ಪುಡಿಯನ್ನೂ ಬೆರೆಸಬೇಡಿ. ಅದರಲ್ಲಿ ಡೈಸಲ್ಫಿರಾಮ್ ಎಂಬ ಔಷಧಿ ಇದ್ದು, ಅದರ ಮೇಲೆ ಕುಡಿದರೆ ರಕ್ತದೊತ್ತಡ ಕುಸಿಯಬಹುದು.

ಸರಿರಾತ್ರಿವರೆಗೆ ನಿಂತ ಕಾಲು, ಗಿರಾಕಿಗಳ ಬೈಗುಳ, ಕೈಗೆಟುಕುವ ಬಾಟಲಿ: ಈ ಕೆಲಸವೇ ಕುಡಿತಕ್ಕೆ ಎಳೆಯುತ್ತದೆ. ಚಿಕಿತ್ಸೆ ಮುಗಿದ ಮೇಲೆ ಬೆಳಗಿನ ಪಾಳಿಯ ತಿಂಡಿ ಹೋಟೆಲಿನಲ್ಲಿ ಕೆಲಸ ಹುಡುಕಲಿ. ಕುಡಿತದ ಹಿಂದೆ ಖಿನ್ನತೆಯೂ ಇರಬಹುದು. ಸಾಯುವ ಮಾತಾಡಿದರೆ ಒಬ್ಬರನ್ನೇ ಬಿಡಬೇಡಿ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಹಗಲಿರುಳೂ ಕರೆ ಮಾಡಬಹುದು; ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ನಿಮ್ಮ ಸಂಕಟವನ್ನೂ ಅಲ್ಲಿ ಹೇಳಿಕೊಳ್ಳಿ. ಅವರು ಮತ್ತೊಮ್ಮೆ ಕುಡಿದರೂ ಚಿಕಿತ್ಸೆ ನಿಲ್ಲಿಸಬೇಡಿ.