ವೈರ್‌ಲೆಸ್‌ನಲ್ಲಿ ಗೆಲ್ಲಬೇಕೆ? ಎಎಂಸಿ ಕರಗತ ಮಾಡಿಕೊಳ್ಳಲು 7 ಸೂತ್ರಗಳು

ಓಡುವ ಬಸ್ಸಿನಲ್ಲಿ ವಿಡಿಯೊ ನೋಡುತ್ತಿದ್ದೀರಿ. ಸಿಗ್ನಲ್ ಏರಿಳಿದರೂ ಕನೆಕ್ಷನ್ ಕಡಿಯುವುದಿಲ್ಲ, ವೇಗ ಮಾತ್ರ ಬದಲಾಗುತ್ತದೆ. ಇದು ಅಡಾಪ್ಟಿವ್ ಮಾಡ್ಯುಲೇಷನ್ ಅಂಡ್ ಕೋಡಿಂಗ್, ಅಂದರೆ ಎಎಂಸಿಯ ಕೆಲಸ. 4ಜಿ, 5ಜಿ, ವೈಫೈ ಎಲ್ಲದರಲ್ಲೂ ಇದಿದೆ. ಟೆಲಿಕಾಂನಲ್ಲಿ ಬೆಳೆಯಬೇಕೆಂದರೆ ಇದನ್ನು ಬೇರುಮಟ್ಟದಿಂದ ಕಲಿಯಿರಿ.

1. ಬಿಟ್ ಲೆಕ್ಕ ನಾಲಿಗೆ ತುದಿಯಲ್ಲಿರಲಿ.
ಒಂದು ಸಿಂಬಲ್‌ನಲ್ಲಿ ಕ್ಯುಪಿಎಸ್‌ಕೆ 2 ಬಿಟ್ ಹೊರುತ್ತದೆ. 16 ಕ್ಯುಎಎಂ 4, 64 ಕ್ಯುಎಎಂ 6, 256 ಕ್ಯುಎಎಂ 8. ಪವರ್ ಅಷ್ಟೇ ಇದ್ದು ಕಾನ್‌ಸ್ಟಲೇಷನ್ ಚಿತ್ರದ ಚುಕ್ಕೆಗಳು (ಒಂದೊಂದೂ ಒಂದು ಸಿಂಬಲ್) ಹೆಚ್ಚಿದರೆ ಅವುಗಳ ನಡುವಿನ ಅಂತರ ಕುಗ್ಗುತ್ತದೆ. ಆಗ ಸಣ್ಣ ನಾಯ್ಸ್ ಕೂಡ ತಪ್ಪು ಮಾಡಿಸುತ್ತದೆ.

2. ಹ್ಯಾಮಿಂಗ್ (7,4) ಕೋಡನ್ನು ಕೈಯಾರೆ ಬಿಡಿಸಿ.
4 ಡೇಟಾ ಬಿಟ್‌ಗೆ 3 ಪ್ಯಾರಿಟಿ ಬಿಟ್ ಸೇರಿಸಿ. ಬೇಕೆಂದೇ ಒಂದು ಬಿಟ್ ಕೆಡಿಸಿ, ಅದು ಎಲ್ಲಿದೆ ಎಂದು ಹುಡುಕಿ. ಹೆಚ್ಚುವರಿ ಬಿಟ್ ಯಾಕೆ ಬೇಕು, ಅದಕ್ಕೆ ವೇಗದಲ್ಲಿ ಎಷ್ಟು ತೆರಬೇಕು, ಎರಡೂ ಒಂದೇ ಹಾಳೆಯಲ್ಲಿ ಸ್ಪಷ್ಟವಾಗುತ್ತವೆ.

3. ಸಿಕ್ಯುಐ ಪಟ್ಟಿಯನ್ನು ಓದಲು ಕಲಿಯಿರಿ.
ಫೋನ್ ಚಾನೆಲ್ ಅಳೆದು ಒಂದು ಸಂಖ್ಯೆ ಕಳಿಸುತ್ತದೆ, ಅದೇ ಸಿಕ್ಯುಐ (ಚಾನೆಲ್ ಕ್ವಾಲಿಟಿ ಇಂಡಿಕೇಟರ್). ಬೇಸ್ ಸ್ಟೇಷನ್ ಅದನ್ನು ನೋಡಿ ಮಾಡ್ಯುಲೇಷನ್ ಮತ್ತು ಕೋಡ್ ರೇಟ್ (ಕಳಿಸುವ ಬಿಟ್‌ಗಳಲ್ಲಿ ಡೇಟಾದ ಪಾಲು) ಆರಿಸುತ್ತದೆ. ಎಲ್‌ಟಿಇಯ (4ಜಿ) ಮೂಲ ಪಟ್ಟಿಯಲ್ಲಿ 1 ಎಂದರೆ ಕ್ಯುಪಿಎಸ್‌ಕೆ, ಕೋಡ್ ರೇಟ್ 78/1024. 15 ಎಂದರೆ 64 ಕ್ಯುಎಎಂ, 948/1024. ಎರಡರ ನಡುವೆ ದಕ್ಷತೆಯಲ್ಲಿ ಸುಮಾರು 36 ಪಟ್ಟು ಅಂತರ!

4. ಶೂನ್ಯ ತಪ್ಪಿನ ಹಿಂದೆ ಬೀಳಬೇಡಿ.
ಬ್ಲಾಕ್ ತಪ್ಪುವ ಸಂಭವ ಶೇ 10 ಮೀರದಂಥ ಅತಿ ದೊಡ್ಡ ಸಂಖ್ಯೆಯನ್ನೇ ಆ ಪಟ್ಟಿಯಿಂದ ಫೋನ್ ಆರಿಸುತ್ತದೆ. ಕೆಟ್ಟ ಬ್ಲಾಕನ್ನು ಮತ್ತೆ ತರಿಸಿಕೊಳ್ಳುವ ಹೈಬ್ರಿಡ್ ಎಆರ್‌ಕ್ಯು ಮೊದಲು ಬಂದದ್ದನ್ನು ಎಸೆಯುವುದಿಲ್ಲ. ಮತ್ತೆ ಕಳಿಸಿದ್ದರ ಜೊತೆ ಕೂಡಿಸಿ ಡಿಕೋಡ್ ಮಾಡುತ್ತದೆ. ಒಮ್ಮೆಯೂ ತಪ್ಪದ ಲಿಂಕ್ ತನ್ನ ಶಕ್ತಿಗಿಂತ ನಿಧಾನವಾಗಿ ಓಡುತ್ತಿದೆ ಎಂದೇ ಸಾಮಾನ್ಯವಾಗಿ ಅರ್ಥ.

5. ಹಳೆಯ ವರದಿಯನ್ನು ನೆಚ್ಚಿ ಕೂರಬೇಡಿ.
ಫೋನಿನ ಸಿಕ್ಯುಐ ವರದಿ ತಲುಪುವಷ್ಟರಲ್ಲಿ ಚಾನೆಲ್ ಬದಲಾಗಿರಬಹುದು. ಅದಕ್ಕೇ ಬೇಸ್ ಸ್ಟೇಷನ್‌ನ ಅಂದಾಜನ್ನು ತಿದ್ದುವ ಔಟರ್ ಲೂಪ್ ಇರುವುದು. ಬ್ಲಾಕ್ ಸರಿ ಬಂದರೆ ಆ ಅಂದಾಜು 1 ಹೆಜ್ಜೆ ಮೇಲೆ, ಕೆಟ್ಟರೆ 9 ಹೆಜ್ಜೆ ಕೆಳಗೆ. ಹತ್ತರಲ್ಲಿ ಒಂದು ತಪ್ಪಾದಾಗ ಲೆಕ್ಕ ಸರಿಹೋಗುತ್ತದೆ. ಈ ಸಮೀಕರಣವನ್ನು ನೀವೇ ಬಿಡಿಸಿ.

6. ಪ್ರತಿ ಕೋಡ್ ಎಲ್ಲಿದೆ, ಯಾಕಿದೆ ಎಂದು ಗುರುತಿಸಿ.
1948ರಲ್ಲಿ ಶ್ಯಾನನ್ ಚಾನೆಲ್‌ನ ಗರಿಷ್ಠ ಮಿತಿ ತೋರಿಸಿದರು. 1993ರ ಟರ್ಬೊ ಕೋಡ್ ಅದರ ಹತ್ತಿರ ತಲುಪಿ ಎಲ್‌ಟಿಇ ಡೇಟಾಗೆ ಬಂತು. 5ಜಿಯಲ್ಲಿ ಡೇಟಾಗೆ ಎಲ್‌ಡಿಪಿಸಿ, ಕಂಟ್ರೋಲ್ ಚಾನೆಲ್‌ಗೆ ಪೋಲಾರ್. ಗ್ಯಾಲಗರ್ 1960ರ ದಶಕದ ಆರಂಭದಲ್ಲೇ ಎಲ್‌ಡಿಪಿಸಿ ರೂಪಿಸಿದ್ದರು. ಅಂದಿನ ಕಂಪ್ಯೂಟರ್‌ಗಳಿಗೆ ಅದು ಭಾರವಾಗಿತ್ತು. ಹಾಗಾಗಿ ಹಳೆಯ ಪೇಪರ್‌ಗಳನ್ನೂ ಓದಿ.

7. ಸಿಮ್ಯುಲೇಟ್ ಮಾಡಿ, ತೋರಿಸಿ.
ಪೈಥಾನ್, ಆಕ್ಟೇವ್ ಎರಡೂ ಉಚಿತ. ಮೊದಲ ಸೂತ್ರದ ನಾಲ್ಕು ಮಾಡ್ಯುಲೇಷನ್‌ಗಳ ಥ್ರೂಪುಟ್ ಅನ್ನು ಎಸ್‌ಎನ್‌ಆರ್ (ಸಿಗ್ನಲ್-ನಾಯ್ಸ್ ಅನುಪಾತ) ಎದುರು ಒಂದೇ ಗ್ರಾಫ್‌ನಲ್ಲಿ ಬರೆಯಿರಿ. ಪ್ರತಿ ಎಸ್‌ಎನ್‌ಆರ್‌ನಲ್ಲೂ ಎಲ್ಲಕ್ಕಿಂತ ಮೇಲಿರುವ ಗೆರೆಯನ್ನು ಹಿಡಿದು ಸಾಗುವುದೇ ಎಎಂಸಿ. “ಮ್ಯಾಥ್ಸ್ ನನ್ನ ಕೈಲಾಗಲ್ಲ” ಅನ್ನುವುದು ಬರೀ ಚಟ. ಕೋಡ್ ಬರೆಯುತ್ತ ಹೋದರೆ ಬಿಟ್ಟುಹೋಗುತ್ತದೆ. ಈ ಗ್ರಾಫನ್ನು ರೆಸ್ಯೂಮೆಗೆ ಸೇರಿಸಿ, ಇಂಟರ್‌ವ್ಯೂನಲ್ಲಿ ಗೆರೆ ಗೆರೆಯಾಗಿ ವಿವರಿಸಿ.