ಪೊಳ್ಳಿಲೂರು ಮುಗಿಯುತ್ತಲೇ ಇಲ್ಲ

ಪ್ರಶ್ನೆ: ಮೇಡಂ, ನನಗೆ 43 ವರ್ಷ, ಖಾಸಗಿ ಕಂಪನಿಯಲ್ಲಿ ಕೆಲಸ. ಹಳೆಯ ಯುದ್ಧಗಳನ್ನು ಪುಟ್ಟ ಗೊಂಬೆಗಳಿಟ್ಟು ಮೇಜಿನ ಮೇಲೆ ಆಡುವ ಮಿನಿಯೇಚರ್ ವಾರ್‌ಗೇಮ್ ನನ್ನ ಹುಚ್ಚು. ಹೈದರ್ ಮತ್ತು ಟಿಪ್ಪು ಸೇರಿ ಈಸ್ಟ್ ಇಂಡಿಯಾ ಕಂಪನಿಯ ಕರ್ನಲ್ ಬೈಲಿಯನ್ನು ಸೋಲಿಸಿದ 1780ರ ಪೊಳ್ಳಿಲೂರು ಕದನವನ್ನು ಆಟವಾಗಿಸಲು ಹೊರಟು ಮೂರು ವರ್ಷವಾಯಿತು. 28 ಮಿ.ಮೀ. ಅಳತೆಯ ನಾನೂರು ಗೊಂಬೆ ತರಿಸಿದ್ದೇನೆ, ಬಣ್ಣ ಕಂಡಿರುವುದು ತೊಂಬತ್ತು. ನಿಯಮ ನಾನೇ ಬರೆದದ್ದು. ರಾಕೆಟ್ ಹಾರಿಸಿದಾಗ ದಾಳ 5 ಅಥವಾ 6 ಬಿದ್ದರೆ ಬೈಲಿಯ ಮದ್ದಿನ ಬಂಡಿಗಳು ಸ್ಫೋಟಿಸಿ ಅವನ ಪಡೆ ದಿಕ್ಕಾಪಾಲು. ಗೆಳೆಯರ ಜೊತೆ ಆಡಿದಾಗಲೆಲ್ಲ ಮೂರನೇ ಸುತ್ತಿಗೇ ಮೈಸೂರು ಗೆಲ್ಲುತ್ತದೆ. ನಿಯಮ ತಿದ್ದುತ್ತೇನೆ, ತಿದ್ದಿದ ಮೇಲೆ ಇನ್ನಷ್ಟು ಗೊಂಬೆ ಬೇಕೆನಿಸುತ್ತದೆ. ಈಗ ಗೆಳೆಯರು "ಬಣ್ಣ ಪೂರ್ತಿ ಆದ ಮೇಲೆ ಕರಿಯಪ್ಪ" ಎಂದು ಜಾರಿಕೊಳ್ಳುತ್ತಿದ್ದಾರೆ. ಊಟದ ಮೇಜು ಹೋಯಿತೆಂದು ಹೆಂಡತಿಗೆ ಮುನಿಸು. ಮಳೆಗಾಲದಲ್ಲಿ ಪ್ರೈಮರ್ ಸ್ಪ್ರೇ ಹೊಡೆದು ಗೊಂಬೆಗಳ ಮೇಲೆಲ್ಲ ಬಿಳಿ ಪುಡಿ ಕೂತಿದೆ, ಮತ್ತೆ ಕುಂಚ ಹಿಡಿಯಲು ಮನಸ್ಸಿಲ್ಲ. ಮೈಸೂರು ಸೈನಿಕರಿಗೆ ಹುಲಿಪಟ್ಟೆ ಬಳಿಯಲೇಬೇಕೆ? ಅಥವಾ ಎಲ್ಲವನ್ನೂ ಕೈಬಿಡಲೆ?
— ಹೆಸರು ಬೇಡ, ಮೈಸೂರು

ಉತ್ತರ: ಕೈಬಿಡಬೇಡಿ. ಕುಂಚವನ್ನು ಮಾತ್ರ ಸ್ವಲ್ಪ ದಿನ ತೊಳೆದಿಡಿ. ಬಣ್ಣದ ಕೆಲಸ ಹಿಂದೆ ಬಿದ್ದಿದೆ ಎಂದು ನೀವು ಕೊರಗುತ್ತಿದ್ದೀರಿ. ನನಗೆ ಕಾಣುವುದು ಬೇರೆ. ಎಷ್ಟು ಗೊಂಬೆಗೆ ಬಣ್ಣ ಹಚ್ಚಬೇಕು ಎಂಬುದೇ ಇನ್ನೂ ನಿಮಗೆ ಗೊತ್ತಾಗಿಲ್ಲ. ಅದನ್ನು ಹೇಳಬೇಕಾದದ್ದು ಆಟ, ಮತ್ತು ಆಟ ಇನ್ನೂ ಒಂದು ಹದಕ್ಕೆ ಬಂದಿಲ್ಲ.

ಲೆಕ್ಕ ಹಾಕಿ. ಕೊನೆಯ ಗಳಿಗೆಯಲ್ಲಿ ಬಂದು ಸೇರಿದ ಫ್ಲೆಚರ್‌ನ ತುಕಡಿಯೂ ಸೇರಿ ಬೈಲಿಯ ಬಳಿ ಇದ್ದದ್ದು ಸುಮಾರು 3,800 ಜನ. ಇಪ್ಪತ್ತು ಜನಕ್ಕೊಂದು ಗೊಂಬೆಯೆಂದರೂ 190 ಆಯಿತು. ಆ ವರ್ಷ ಹೈದರ್ ಘಟ್ಟ ಇಳಿಸಿದ ದಂಡು 80,000ಕ್ಕೂ ಮೇಲೆ ಎಂಬ ಅಂದಾಜಿದೆ. ಅದರಲ್ಲಿ ಅರ್ಧ ಹಿಡಿದರೂ ನಿಮಗೆ ಎರಡು ಸಾವಿರ ಗೊಂಬೆ ಬೇಕು. ನಿವೃತ್ತಿಯಾದರೂ ಮುಗಿಯದ ಬಾಬತ್ತು ಇದು. ಆದ್ದರಿಂದ ಬೈಲಿಯ ಪಡೆಯನ್ನಷ್ಟೇ ಪೂರ್ತಿಯಾಗಿ ಇಡಿ. ಮೈಸೂರಿನ ಕಡೆಗೆ ಆರೇಳು ದಳ ಸಾಕು. ಚದುರಿಹೋದ ಕುದುರೆ ದಳವನ್ನು ಎತ್ತಿ, ಮುಂದಿನ ಸುತ್ತಿನಲ್ಲಿ ಮೇಜಿನ ಇನ್ನೊಂದು ಅಂಚಿನಿಂದ ಹೊಸ ದಳವಾಗಿ ತನ್ನಿ. ಎಷ್ಟು ಹೊಡೆದರೂ ಮುಗಿಯದ ಸೈನ್ಯ ಎಂದು ಎದುರು ಕೂತವನಿಗೆ ದಿಗಿಲಾಗುತ್ತದೆ. ಬೈಲಿಗೂ ಹಾಗೇ ಆಗಿರಬೇಕು. ನಿಮ್ಮ ನಾನೂರರಲ್ಲಿ ಇದಿಷ್ಟೂ ಆಗಿ ಗೊಂಬೆ ಉಳಿಯುತ್ತದೆ, ಹೊಸದನ್ನು ತರಿಸುವ ಮಾತೇ ಇಲ್ಲ.

ಇದನ್ನು ಆಡಿ ನೋಡಲು ಬಣ್ಣ ಬೇಡ. ನನ್ನ ಕೇಳಿದರೆ ಗೊಂಬೆಯೂ ಬೇಡ. ಸಿಹಿತಿಂಡಿ ಡಬ್ಬದ ರಟ್ಟನ್ನು ದಳದ ಅಳತೆಗೆ ಕತ್ತರಿಸಿ "ಸಿಪಾಯಿ", "ತೋಪು", "ಕುದುರೆ" ಎಂದು ಸ್ಕೆಚ್ ಪೆನ್ನಿನಲ್ಲಿ ಬರೆಯಿರಿ. ನಾಚಿಕೆಪಡಬೇಕಾದ್ದೇನೂ ಇಲ್ಲ. 1824ರಲ್ಲಿ ಪ್ರಷ್ಯಾದ ಸೇನಾಧಿಕಾರಿ ರೈಸ್‌ವಿಟ್ಜ್ ರೂಪಿಸಿದ ಯುದ್ಧದಾಟವನ್ನು ಅಲ್ಲಿಯ ಸೈನ್ಯ ಆಡಿದ್ದು ನಕ್ಷೆಯ ಮೇಲೆ ಕೆಂಪು, ನೀಲಿ ತುಂಡುಗಳನ್ನು ಸರಿಸಿಯೇ. ಅಂದಹಾಗೆ, ನಿಮ್ಮ ಗೆಳೆಯರು ಬಣ್ಣದ ಮಾತೆತ್ತುತ್ತಿರುವುದು ನೆಪ. ಮೂರನೇ ಸುತ್ತಿಗೆ ಸೋತು ಕಾಫಿ ಕುಡಿದು ಮನೆಗೆ ಹೋಗುವುದು ಅವರಿಗೆ ಸಾಕಾಗಿದೆ.

ಆ ಮೂರನೇ ಸುತ್ತಿನ ಗುಟ್ಟು ನಿಮ್ಮ ರಾಕೆಟ್ಟಿನ ನಿಯಮದಲ್ಲೇ ಇದೆ. 5 ಅಥವಾ 6 ಎಂದರೆ ಮೂರರಲ್ಲಿ ಒಂದು ಪಾಲು. ಸುತ್ತಿಗೆ ಒಂದೇ ಸಲ ದಾಳ ಉರುಳಿಸಿದರೂ ಮೂರು ಸುತ್ತಿನೊಳಗೆ ಸ್ಫೋಟ ಆಗಿಯೇ ತೀರುವ ಸಂಭವ ನೂರಕ್ಕೆ ಎಪ್ಪತ್ತು. ಅಂದರೆ ಇಡೀ ಕದನವನ್ನು ಒಂದು ದಾಳದ ಮೇಲೆ ನಿಲ್ಲಿಸಿದ್ದೀರಿ. ಮದ್ದಿನ ಬಂಡಿ ಸಿಡಿದದ್ದು ನಿಜ, ಆದರೆ ಸಿಡಿಸಿದ್ದು ರಾಕೆಟ್ಟೋ ಫಿರಂಗಿಯ ಗುಂಡೋ ಎಂಬುದರಲ್ಲಿ ಬರೆದವರೆಲ್ಲ ಒಂದೇ ಮಾತು ಹೇಳುವುದಿಲ್ಲ. ಸಿಡಿದ ಮೇಲೂ ಕದನ ಮುಗಿಯಲಿಲ್ಲ. ಉಳಿದವರು ಚೌಕ ಕಟ್ಟಿ ನಿಂತು ಕುದುರೆ ದಾಳಿಗಳನ್ನು ಮತ್ತೆ ಮತ್ತೆ ತಡೆದರು. ನಿಮ್ಮ ಆಟದಲ್ಲೂ ಸ್ಫೋಟವಾದರೆ ಬೈಲಿಗೆ ಮದ್ದುಗುಂಡು ಕಡಿಮೆಯಾಗಲಿ, ತೋಪುಗಳ ಬಲ ತಗ್ಗಲಿ, ಆಟ ಮುಂದುವರಿಯಲಿ.

ರಾಕೆಟ್ ಎಂಥ ಆಯುಧ ಎಂದು ತಿಳಿಯಲು ದೂರ ಹೋಗಬೇಕಿಲ್ಲ. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನಲ್ಲಿ ಹಾಳುಬಾವಿಯೊಂದರಿಂದ ಆ ಕಾಲದ ಸಾವಿರದಷ್ಟು ರಾಕೆಟ್ ಹೊರತೆಗೆದರಲ್ಲ, ಗೇಣುದ್ದದ ಕಬ್ಬಿಣದ ಕೊಳವೆಗಳು. ಅಂಥ ಕೊಳವೆಗೆ ಉದ್ದನೆಯ ಬಿದಿರು ಕಟ್ಟಿ ಹಾರಿಸುತ್ತಿದ್ದರು. ಗುರಿ ಅಷ್ಟಕ್ಕಷ್ಟೆ, ಬೆಂಕಿ ಮತ್ತು ಸದ್ದು ಜಾಸ್ತಿ. ಹಾಗಾಗಿ ಅದರಿಂದ ಸಾಯಿಸುವುದಕ್ಕಿಂತ ಬೆದರಿಸಿ. ರಾಕೆಟ್ ಬಿದ್ದ ಕಡೆ ಎತ್ತು, ಕುದುರೆ ಕಂಗಾಲಾಗಿ ಆ ದಳ ಒಂದು ಸುತ್ತು ಕದಲದಿರಲಿ. ದಾಳ 1 ಬಿದ್ದರೆ ಹಾರಿಸಿದವನ ಕಡೆಗೇ ತಿರುಗಲಿ. ಆಗ ನಿಮ್ಮ ಗೆಳೆಯರು ಹೇಗೆ ಕೂಗಾಡುತ್ತಾರೆ ನೋಡಿ.

ಇನ್ನೊಂದು ಬದಲಾವಣೆ ನನಗೆ ಇದಕ್ಕಿಂತ ಮುಖ್ಯವೆನಿಸುತ್ತದೆ. ಆಟವನ್ನು ಸೆಪ್ಟೆಂಬರ್ 10ರ ಬೆಳಗ್ಗೆ ಆರಂಭಿಸಬೇಡಿ. ಅಷ್ಟು ಹೊತ್ತಿಗೆ ಬೈಲಿ ಸೋತಾಗಿತ್ತು. 9ರ ರಾತ್ರಿಗೆ ಹೋಗಿ. ಕಂಪನಿಯ ಮುಖ್ಯ ಸೈನ್ಯದೊಂದಿಗೆ ಹೆಕ್ಟರ್ ಮನ್ರೋ ಕೆಲವೇ ಮೈಲಿ ಆಚೆ ಕಾಂಚೀಪುರದಲ್ಲಿದ್ದಾನೆ. ಬೈಲಿ ಕತ್ತಲಲ್ಲಿ ನಡೆಯುತ್ತಾ, ದಾರಿಯಲ್ಲಿ ಕಾಟ ತಿನ್ನುತ್ತಾ ಬಂದು, ಬೆಳಗಾಗಲೆಂದು ತಂಗಿಬಿಟ್ಟ. ಅಲ್ಲೇ ಸಿಕ್ಕಿಬಿದ್ದ. ತಂಗುವುದೋ, ತೋಪು ಬಿಟ್ಟು ಮುನ್ನಡೆಯುವುದೋ ಎಂಬ ತೀರ್ಮಾನ ಆಡುವವನ ಕೈಯಲ್ಲಿರಲಿ. ಮನ್ರೋ ಹೊರಡುತ್ತಾನೋ ಇಲ್ಲವೋ ಎಂಬುದಕ್ಕೆ ಪ್ರತಿ ಸುತ್ತಿಗೂ ದಾಳ ಹಾಕಿ. ನಿಜದಲ್ಲಿ ಅವನು ಸಕಾಲಕ್ಕೆ ಬರಲಿಲ್ಲ, ಮಾರನೆಯ ದಿನ ಭಾರಿ ತೋಪುಗಳನ್ನು ಕೆರೆಗೆ ತಳ್ಳಿ ಮದ್ರಾಸಿನ ದಾರಿ ಹಿಡಿದ. ಬೈಲಿ ಹೇಗೂ ಸೋಲುವವನೇ ಇರಬಹುದು. ಇಷ್ಟು ಸುತ್ತು ತಾಳಿಕೊಂಡರೆ, ಇಷ್ಟು ದಳ ಉಳಿಸಿಕೊಂಡರೆ ಅವನಿಗೆ ಗೆಲುವು ಎಂದು ಮೊದಲೇ ಗೊತ್ತುಮಾಡಿ.

ಒಂದು ಆಟಕ್ಕೆ ಒಂದೇ ನಿಯಮ ಬದಲಿಸಿ. ನಾಲ್ಕನ್ನು ಒಟ್ಟಿಗೆ ತಿದ್ದಿದರೆ ಯಾವುದರಿಂದ ಏನಾಯಿತೆಂದು ತಿಳಿಯದು. ಸಾರಿಗೆ ಹುಳಿ, ಉಪ್ಪು, ಖಾರ ಮೂರನ್ನೂ ಒಟ್ಟಿಗೆ ಸುರಿದವರ ಪಾಡು ಅದು. ಮತ್ತೆ, ನೀವು ಆಡಬೇಡಿ. ನಿಯಮ ಬರೆದ ಕಾಗದವನ್ನು ಅವರ ಕೈಗೆ ಕೊಟ್ಟು, ನೋಟ್‌ಬುಕ್ ಹಿಡಿದು ಮೂಲೆಯಲ್ಲಿ ಕೂತು ಬಾಯಿ ಮುಚ್ಚಿಕೊಂಡಿರಿ. "ಅದು ಹಾಗಲ್ಲ, ಹೀಗೆ" ಎನ್ನಬೇಕೆಂದು ನಾಲಿಗೆ ತುರಿಸುವ ಜಾಗ ಬಂದಾಗಲೆಲ್ಲ ಗುರುತು ಹಾಕಿಕೊಳ್ಳಿ, ನಿಮ್ಮ ನಿಯಮ ಅಸ್ಪಷ್ಟವಾಗಿರುವುದು ಅಲ್ಲೇ. ಮೈಸೂರೇ ಯಾವಾಗಲೂ ಗೆಲ್ಲುತ್ತದೆ ಎಂದಿರಿ, ಮೈಸೂರಿನ ಕಡೆ ಯಾರು ಕೂರುತ್ತಾರೆಂದು ಬರೆದಿಲ್ಲ. ನನ್ನ ಊಹೆ ನನಗಿದೆ.

ಆಟ ಹದಕ್ಕೆ ಬಂದ ಮೇಲೆ ಕುಂಚ ಹಿಡಿಯಿರಿ. ಬಿಳಿ ಪುಡಿ ಗಾಳಿಯ ತೇವದ ಕಿತಾಪತಿ. ಮೇಲ್ಮೈಯಲ್ಲಷ್ಟೇ ಕೂತಿದ್ದರೆ ಹಳೆಯ ಟೂತ್‌ಬ್ರಷ್‌ನಿಂದ ಉಜ್ಜಿದರೆ ಹೋಗುತ್ತದೆ. ಮಳೆ ನಿಲ್ಲುವ ತನಕ ಕುಂಚದಲ್ಲಿ ಹಚ್ಚುವ ಪ್ರೈಮರ್ ಬಳಸಿ. ಹನ್ನೆರಡು ಗೊಂಬೆಗಳನ್ನು ಸಾಲಾಗಿ ನಿಲ್ಲಿಸಿ, ಹನ್ನೆರಡಕ್ಕೂ ಮೊದಲು ಅಂಗಿ, ಆಮೇಲೆ ಚಲ್ಲಣ, ಆಮೇಲೆ ಪೇಟ. ಕೊನೆಯಲ್ಲಿ ನೀರಾಗಿಸಿದ ಕಂದುಬಣ್ಣದ ವಾಷ್ ಹರಿಸಿದರೆ ಅದೇ ಹೋಗಿ ಮಡಿಕೆಗಳಲ್ಲಿ ನೆರಳಾಗಿ ಕೂರುತ್ತದೆ. ಮೂರಡಿ ದೂರದಿಂದ ಚೆನ್ನಾಗಿ ಕಂಡರೆ ಮುಗಿಯಿತು, ಕಣ್ಣಿನ ಪಾಪೆ ಬರೆಯುತ್ತಾ ಕೂರಬೇಡಿ. ಮುಖಕ್ಕೆ ಮಾತ್ರ ಸ್ವಲ್ಪ ನಿಗಾ ಇರಲಿ. ಚರ್ಮದ ಬಣ್ಣವೆಂದು ಮಾರುವ ಬಾಟಲಿಗಳಲ್ಲಿ ಹೆಚ್ಚಿನವು ಯುರೋಪಿನವರ ಮೈಬಣ್ಣ. ಫ್ಲೆಚರ್ ಜೊತೆ ಬಂದ ಸ್ಕಾಟಿಷ್ ಸೈನಿಕರಿಗೆ ಅದು ಸರಿ. ಬೈಲಿಯ ಪಡೆಯಲ್ಲೂ ಬಹುಪಾಲು ಮದ್ರಾಸಿನ ಸಿಪಾಯಿಗಳೇ. ಕಂದುಬಣ್ಣಕ್ಕೆ ಒಮ್ಮೆ ಚೂರು ಕೆಂಪು, ಒಮ್ಮೆ ಚೂರು ಹಳದಿ ಬೆರೆಸಿ ಮೂರು ನಾಲ್ಕು ಛಾಯೆ ಮಾಡಿಕೊಂಡು ಸಾಲಿನಲ್ಲಿ ಹಂಚಿ.

ಹೆಂಡತಿಯ ಮುನಿಸು ನ್ಯಾಯವಾದದ್ದೇ. ಮೂರಡಿ ಅಗಲ, ನಾಲ್ಕಡಿ ಉದ್ದದ ಎರಡು ಪ್ಲೈವುಡ್ ಹಲಗೆ ಮಾಡಿಸಿ. ಆಟದ ದಿನ ಊಟದ ಮೇಜಿನ ಮೇಲೆ ಜೋಡಿಸಿ, ಮುಗಿದ ಮೇಲೆ ಎತ್ತಿ ಮಂಚದ ಕೆಳಗೆ ಸೇರಿಸಿ.

ಹುಲಿಪಟ್ಟೆಯ ವಿಷಯ. ಅದು ಟಿಪ್ಪುವಿನ ಆಳ್ವಿಕೆಯ ಗುರುತು, ಹೈದರ್ ತೀರಿಕೊಂಡದ್ದು 1782ರ ಡಿಸೆಂಬರಿನಲ್ಲಿ. ಶ್ರೀರಂಗಪಟ್ಟಣದ ದರಿಯಾ ದೌಲತ್‌ನ ಗೋಡೆಯ ಮೇಲಿನ ಪೊಳ್ಳಿಲೂರು ಚಿತ್ರವನ್ನು ಒಮ್ಮೆ ನೋಡಿ ಬನ್ನಿ, ನಿಮಗೇನು ದೂರ? ಪಲ್ಲಕ್ಕಿಯಲ್ಲಿ ಕುಳಿತ ಬೈಲಿ, ಸಿಡಿಯುತ್ತಿರುವ ಮದ್ದಿನ ಬಂಡಿ, ಕುದುರೆಗಳ ದಂಡು ಎಲ್ಲ ಅಲ್ಲಿವೆ. ಆದರೆ ಅದು ಕದನ ಮುಗಿದು ಕೆಲವು ವರ್ಷಗಳ ಮೇಲೆ ಗೆದ್ದವರು ಬರೆಸಿದ್ದು. ಬಟ್ಟೆಬರೆಗೆ ಅದನ್ನೇ ಸಾಕ್ಷಿ ಮಾಡಿಕೊಳ್ಳಬೇಡಿ. 1780ಕ್ಕೆ ಪಟ್ಟೆಯಿಲ್ಲದ ಅಂಗಿಯೇ ಸಾಕು, ಅರ್ಧ ಕೆಲಸವೂ ಉಳಿಯಿತು. ಈಗಾಗಲೇ ಪಟ್ಟೆ ಬಳಿದವರನ್ನು ಅಳಿಸಬೇಡಿ, 1791ರ ಅರಕೆರೆ ಕದನಕ್ಕೆ ಎತ್ತಿಡಿ. ಆ ಆಟದ ನಿಯಮ ಬರೆಯಲು ಇವತ್ತೇ ಕೂರಬೇಡಿ ಮತ್ತೆ.